ಲೆಕ್ಕಕ್ಕೆ ಸಿಕ್ಕ ಮನೆ, ಸೆಕೆಗೆ ಸಿಕ್ಕ ಜನ

"ಮೊದಲು ಮನೆ ಆಗಲಿ, ಹಸಿರು ಗಿಸಿರು ಆಮೇಲೆ ನೋಡೋಣ." ಸರ್ಕಾರಿ ವಸತಿ ಯೋಜನೆ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಹೇಳೇ ಹೇಳುತ್ತಾರೆ. ಕೇಳೋಕೆ ನ್ಯಾಯವಾಗೇ ಇದೆ. ಪ್ಲಾಸ್ಟಿಕ್ ಹೊದಿಕೆ ಕೆಳಗೆ ಮಳೆಗಾಲ ಕಳೆಯುವವರ ಮುಂದೆ ಗೋಡೆ ಎಷ್ಟು ಬಿಸಿ ಬಿಡಬೇಕು ಅಂತ ಪಾಠ ಮಾಡೋದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಈ ಮಾತಿನ ಹಿಂದೆ ಒಂದು ನಂಬಿಕೆ ಕೂತಿದೆ. ಹಸಿರು ಕಟ್ಟಡದ ನಿಯಮಗಳು ಬಡವರ ಮನೆಗೆ ಅಡ್ಡಗಾಲು ಹಾಕುತ್ತಿವೆ, ಅವನ್ನು ಸಡಿಲ ಮಾಡಿದರೆ ಮನೆಗಳು ಬೇಗ ಏಳುತ್ತವೆ ಅಂತ. ನಿಯಮಗಳನ್ನೇ ತೆಗೆದು ನೋಡಿದರೆ ಕಾಣೋದು ಬೇರೆ. ಇಂಧನ ಉಳಿಸುವ ಕಟ್ಟಡ ನಿಯಮ ಇನ್ನೂ ಆಶ್ರಯ ಮನೆಯ ಹೊಸ್ತಿಲನ್ನೇ ತುಳಿದಿಲ್ಲ. ತುಳಿಯದೇ ಇರುವುದು ಅಡ್ಡ ಬರೋದು ಹೇಗೆ?

ಮೊದಲು ಗುರಿಯ ಲೆಕ್ಕ ನೋಡೋಣ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರದ ಭಾಗ ಶುರುವಾಗಿದ್ದು 2015ರ ಜೂನ್‌ನಲ್ಲಿ, ಗ್ರಾಮೀಣ ಭಾಗ 2016ರ ನವೆಂಬರ್‌ನಲ್ಲಿ. "2022ಕ್ಕೆ ಎಲ್ಲರಿಗೂ ಮನೆ" ಅನ್ನೋದು ಆಗಿನ ಘೋಷಣೆ. ಹಳ್ಳಿಗಳಿಗೆ ಇಟ್ಟುಕೊಂಡಿದ್ದ ಗುರಿ 2.95 ಕೋಟಿ ಮನೆ. ಆ ಗಡುವು ಮುಂದೆ ಹೋಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಹಳ್ಳಿಗಳಿಗೆ ಇನ್ನೂ 2 ಕೋಟಿ, ನಗರಗಳಿಗೆ 1 ಕೋಟಿ ಮನೆ ಅಂತ ಹೊಸ ಗುರಿ ಹಾಕಿತು. ಹಳ್ಳಿಯ ಮನೆಗಳು 2029ರ ಮಾರ್ಚ್ ಒಳಗೆ ಆಗಬೇಕು. ಬಯಲು ಪ್ರದೇಶದಲ್ಲಿ ಒಂದು ಮನೆಗೆ ಸಿಗೋದು 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. 2016ರಲ್ಲಿ ಎಷ್ಟಿತ್ತೋ 2024ರಲ್ಲಿ ಮುಂದುವರಿಸಿದಾಗಲೂ ಅಷ್ಟೇ ಇಟ್ಟರು. ಈ ಎಂಟು ವರ್ಷದಲ್ಲಿ ಸಿಮೆಂಟು, ಕಬ್ಬಿಣ, ಗೌಂಡಿಯ ದಿನಗೂಲಿ ಎಲ್ಲಿಂದ ಎಲ್ಲಿಗೆ ಹೋದವು ಅಂತ ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ.

ಈ ಗುರಿ ಮುಟ್ಟಿದ್ದನ್ನು ಎಣಿಸೋದು ಹೇಗೆ? ಫೋಟೋದಿಂದ. ಪಾಯ ಹಾಕಿದಾಗ ಒಂದು, ಲಿಂಟಲ್ ಮಟ್ಟಕ್ಕೆ ಬಂದಾಗ ಒಂದು, ಸ್ಲ್ಯಾಬ್ ಬಿದ್ದಾಗ ಒಂದು. ಊರಲ್ಲಿ ಇದಕ್ಕೆ "ಜಿಪಿಎಸ್ ಮಾಡಿಸೋದು" ಅಂತಾರೆ. ಪಂಚಾಯಿತಿಯವರು ಬಂದು ಮೊಬೈಲಲ್ಲಿ ಫೋಟೋ ಹೊಡೆದು ಹಾಕಿದರೆ ಆ ಹಂತದ ಬಿಲ್ಲು ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ನಾನು ಹಳಿಯುತ್ತಿಲ್ಲ. ಹಿಂದೆ ಮನೆಯೇ ಇಲ್ಲದ ಜಾಗಕ್ಕೆ ಬಿಲ್ಲು ಆದ ಕಥೆಗಳು ಸಾಕಷ್ಟಿದ್ದವು, ಅದಕ್ಕೆ ಈ ಪದ್ಧತಿ ತಕ್ಕಮಟ್ಟಿಗೆ ಕಡಿವಾಣ ಹಾಕಿತು. ಆದರೆ ಫೋಟೋದಲ್ಲಿ ಸ್ಲ್ಯಾಬ್ ಕಾಣುತ್ತದೆ, ಸ್ಲ್ಯಾಬ್ ಕೆಳಗಿನ ಸೆಕೆ ಕಾಣೋದಿಲ್ಲ. ಕಿಟಕಿ ಯಾವ ಕಡೆಗಿದೆ, ಎದುರುಬದುರು ಗಾಳಿ ಆಡುತ್ತದಾ, ಸಜ್ಜಾ ಇದೆಯಾ, ತಾರಸಿ ಮೇಲೆ ಏನಾದರೂ ಹೊದಿಸಿದ್ದಾರಾ, ಇದ್ಯಾವುದೂ ಬಿಲ್ಲಿಗೆ ಬೇಕಿಲ್ಲ. ಹಾಗಾಗಿ ಕಟ್ಟುವವರೂ ಅದರ ಗೋಜಿಗೆ ಹೋಗೋದಿಲ್ಲ. ಕೈಲಿರೋ ದುಡ್ಡಲ್ಲಿ ಬೇಗ ಸ್ಲ್ಯಾಬ್ ಹಾಕಿಸಿ ಮುಂದಿನ ಕಂತು ತರಿಸಿಕೊಳ್ಳಬೇಕು. ಸಾಲಕ್ಕೆ ಬಡ್ಡಿ ಓಡುತ್ತಿರುತ್ತಲ್ಲ.

ಇನ್ನು ಹಸಿರು ನಿಯಮದ ಕಡೆ ಬರೋಣ. ವಾಸದ ಕಟ್ಟಡಗಳಿಗೆ ಅಂತಲೇ ಕೇಂದ್ರದ ಇಂಧನ ಸಚಿವಾಲಯ 2018ರ ಡಿಸೆಂಬರ್‌ನಲ್ಲಿ ಇಕೋ ನಿವಾಸ್ ಸಂಹಿತಾ ಅನ್ನೋ ನಿಯಮಾವಳಿ ತಂದಿತು. ಒಳ್ಳೆ ನಿಯಮ, ಹೇಳೋದೂ ಸರಳ. ಬೇಸಿಗೆಯಲ್ಲಿ ಗೋಡೆ, ಕಿಟಕಿಗಳ ಮೂಲಕ ಒಳಗೆ ನುಗ್ಗುವ ಬಿಸಿ ಸರಾಸರಿ ಪ್ರತಿ ಚದರ ಮೀಟರ್‌ಗೆ 15 ವ್ಯಾಟ್ ಮೀರಬಾರದು. ಚಾವಣಿಗೆ ಬೇರೆ ಮಿತಿ ಇದೆ. ಹೊರಗೂ ಒಳಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರ್ ಚಾವಣಿಯಿಂದ 1.2 ವ್ಯಾಟ್‌ಗಿಂತ ಜಾಸ್ತಿ ಬಿಸಿ ದಾಟಬಾರದು. ಬರೀ ಕಾಂಕ್ರೀಟ್ ಸ್ಲ್ಯಾಬ್‌ನಲ್ಲಿ ಇದು 3 ದಾಟುತ್ತದೆ. ಅಂದರೆ ನಾವು ದಿನಾ ನೋಡುವ, ಮೇಲೆ ಏನೂ ಹೊದಿಸದ ಆರ್‌ಸಿಸಿ ಮನೆ ಈ ಪರೀಕ್ಷೆಯಲ್ಲಿ ಫೇಲು.

ಆದರೆ ಪರೀಕ್ಷೆಗೆ ಕೂರಬೇಕಾದವರು ಯಾರು? 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಏಳುವ ವಸತಿ ಕಟ್ಟಡಗಳು ಮಾತ್ರ. 30x40ರ ನಾಲ್ಕೂವರೆ ಸೈಟು ಸೇರಿದರೆ 500 ಚದರ ಮೀಟರ್ ಆಗುತ್ತದೆ. ಅದೂ ಆಯಾ ರಾಜ್ಯ ತನ್ನ ಕಟ್ಟಡ ಬೈಲಾದಲ್ಲಿ ಸೇರಿಸಿಕೊಂಡರೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಮಾಡಿ ವಾಸದ ಕಟ್ಟಡಗಳನ್ನೂ ಅದರೊಳಗೆ ತಂದರು, ಅಲ್ಲೂ 100 ಕಿಲೋವ್ಯಾಟ್ ವಿದ್ಯುತ್ ಸಂಪರ್ಕದ ಮಿತಿ ಇಟ್ಟರು. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇರುವ 25 ಚದರ ಮೀಟರ್ ಮನೆ ಇದರ ಹತ್ತಿರಕ್ಕೂ ಬರೋದಿಲ್ಲ. ಆವಾಸ್ ಯೋಜನೆಯ ಗ್ರಾಮೀಣ ಮನೆಗಳೆಲ್ಲ, ನಗರದಲ್ಲೂ ಫಲಾನುಭವಿಗಳು ತಮ್ಮದೇ ಜಾಗದಲ್ಲಿ ಕಟ್ಟಿಕೊಳ್ಳುವ ಮನೆಗಳೆಲ್ಲ ಹೀಗೆ ಹೊರಗೇ ಉಳಿದವು. ಸರ್ಕಾರದ ದುಡ್ಡಿನಲ್ಲೇ, ಸರ್ಕಾರದ ಲೆಕ್ಕದಲ್ಲೇ ಏಳುವ ಕೋಟಿಗಟ್ಟಲೆ ಮನೆಗಳಿಗೆ ಸರ್ಕಾರದ್ದೇ ಹಸಿರು ನಿಯಮ ಅನ್ವಯಿಸುವುದಿಲ್ಲ. 2019ರ ಮಾರ್ಚ್‌ನಲ್ಲಿ ಬಂದ ಭಾರತದ ಕೂಲಿಂಗ್ ಆ್ಯಕ್ಷನ್ ಪ್ಲಾನ್‌ನಲ್ಲಿ ಬಡವರ ಮನೆಗಳೂ ತಂಪಾಗಿರಬೇಕು ಅಂತ ಬರೆದಿದ್ದಾರೆ. ಪ್ಲಾನ್‌ನಲ್ಲಿ ಇದೆ, ಬಿಲ್ಲಿನಲ್ಲಿ ಇಲ್ಲ.

ಇದರ ಪರಿಣಾಮ ನೋಡೋಕೆ ಏಪ್ರಿಲ್ ತಿಂಗಳಲ್ಲಿ ಕಲಬುರಗಿಗೋ ರಾಯಚೂರಿಗೋ ಹೋಗಬೇಕು. ಹೊರಗೆ 40 ಡಿಗ್ರಿ ದಾಟಿರುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬು ಬೆಳಗ್ಗೆಯಿಂದ ಬಿಸಿಲು ಕುಡಿದು, ಸಂಜೆ ಹೊರಗೆ ಸ್ವಲ್ಪ ತಂಪಾಗುವ ಹೊತ್ತಿಗೆ ಒಳಗೆ ಬಿಸಿ ಬಿಡೋಕೆ ಶುರು ಮಾಡುತ್ತದೆ. ಮಧ್ಯರಾತ್ರಿ ದಾಟಿದರೂ ಕಾದ ಕಾವಲಿ ಕೆಳಗೆ ಮಲಗಿದ ಹಾಗೇ. ಅಪಾರ್ಟ್‌ಮೆಂಟಿನಲ್ಲಿ ಈ ಕಷ್ಟ ಹೆಚ್ಚಾಗಿ ಮೇಲಿನ ಮಹಡಿಯವರಿಗೆ. ಒಂದೇ ಅಂತಸ್ತಿನ ಚಿಕ್ಕ ಮನೆಯಲ್ಲಿ ಎಲ್ಲರೂ ಮೇಲಿನ ಮಹಡಿಯವರೇ. ನೆಲ ಎಷ್ಟಿದೆಯೋ ತಲೆ ಮೇಲೆ ಬಿಸಿಲಿಗೆ ಬಿದ್ದ ಸ್ಲ್ಯಾಬೂ ಅಷ್ಟೇ ಇದೆ. ಜನ ಹೊರಗೆ ಅಂಗಳದಲ್ಲೋ ತಾರಸಿ ಮೇಲೋ ಮಲಗುತ್ತಾರೆ. ಹೆಂಗಸರು, ಬಾಣಂತಿಯರು, ವಯಸ್ಸಾದವರು ಒಳಗೇ ಬೇಯುತ್ತಾರೆ.

ಹಾಗಂತ "ಹಳೇ ಕಾಲದ ಮಣ್ಣಿನ ಮನೆ ಎಷ್ಟು ಚೆನ್ನಾಗಿತ್ತು" ಅನ್ನೋ ಹಾಡು ಹಾಡಲಾರೆ. ಕಲಬುರಗಿ ಕಡೆಯ ಮಣ್ಣಿನ ಮಾಳಿಗೆ, ಚಿತ್ರದುರ್ಗ-ಬಳ್ಳಾರಿ ಕಡೆಯ ಮೇಲ್ಮುದ್ದೆ ಮನೆ, ದಪ್ಪ ಗೋಡೆ, ಜಂತಿಯ ಮೇಲೆ ಕಟ್ಟಿಗೆ ಹಾಸಿ ಅದರ ಮೇಲೆ ಮಣ್ಣು ಬಡಿದ ಚಾವಣಿ, ಇವೆಲ್ಲ ಬೇಸಿಗೆಯಲ್ಲಿ ತಂಪು, ಅದು ನಿಜ. ಆದರೆ ಪ್ರತಿ ವರ್ಷ ಮಣ್ಣು ಹಾಕಬೇಕು, ಬಿಡದೆ ಮಳೆ ಹಿಡಿದರೆ ಸೋರುತ್ತದೆ, ಗೋಡೆ ನೆನೆದು ಕುಸಿದರೆ ಒಳಗಿದ್ದವರ ಕಥೆ ಮುಗಿಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಸುಮಾರು 10,000 ಜನ ಸತ್ತರು. ಸಡಿಲ ಕಲ್ಲುಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ, ಎರಡೂ ಸೇರಿ ಮಲಗಿದ್ದವರ ಮೇಲೆ ಬಿದ್ದವು. ಬೀದರ್, ಕಲಬುರಗಿ ಕಡೆಯವರು ಅದನ್ನು ಮರೆತಿಲ್ಲ. ಜನ ಆರ್‌ಸಿಸಿ ಬೇಕು ಅನ್ನೋದು ಬರೀ ಶೋಕಿಗಲ್ಲ. ಅದರಲ್ಲಿ ಭಯವೂ ಇದೆ, ಮರ್ಯಾದೆಯೂ ಇದೆ.

ಹಾಗಾದರೆ ಬೇಗ ಕಟ್ಟುವ ಗಟ್ಟಿ ಮನೆ ಸೆಕೆ ತಡೆಯೋಕೆ ಆಗೋದೇ ಇಲ್ಲವಾ? ಆಗುತ್ತದೆ. ಗುಜರಾತಿನ ರಾಜಕೋಟ್‌ನಲ್ಲಿ ಆವಾಸ್ ಯೋಜನೆಯಡಿಯೇ ನಡೆದ ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು, ಸ್ಮಾರ್ಟ್ ಘರ್ 3. 1,176 ಮನೆ. ಭಾರತ-ಸ್ವಿಟ್ಜರ್ಲೆಂಡ್ ಜಂಟಿ ಇಂಧನ ಯೋಜನೆಯ ಪರಿಣತರು ನಕ್ಷೆಯ ಹಂತದಲ್ಲೇ ಪಾಲಿಕೆಯ ಜೊತೆ ಕೂತರು. ಗೋಡೆಗೆ ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕು, ಪೂರ್ತಿ ಗಾಜಿನ ಬದಲು ಅರ್ಧಕ್ಕಿಂತ ಜಾಸ್ತಿ ಭಾಗ ಬೆಳಕು ತೂರದ ಹಲಗೆ ಇರುವ, ಪೂರ್ತಿ ತೆರೆಯಬಹುದಾದ ಕಿಟಕಿ, ಒಳಗಿನ ಗಾಳಿಯನ್ನು ಮೇಲಕ್ಕೆ ಎಳೆಯುವ ಶಾಫ್ಟು. ಎಸಿ ಇಲ್ಲ, ದುಬಾರಿ ಸಾಮಾನಿಲ್ಲ. ಇನ್ನೊಂದು ಅದೇ ಊರಿನ ಲೈಟ್ ಹೌಸ್ ಪ್ರಾಜೆಕ್ಟ್, 1,144 ಮನೆ. 2021ರ ಜನವರಿ 1ರಂದು ಪ್ರಧಾನಿ ಆರು ನಗರಗಳಲ್ಲಿ ಒಂದೊಂದು ಹೊಸ ತಂತ್ರಜ್ಞಾನದ ಮನೆಗಳಿಗೆ ಅಡಿಗಲ್ಲು ಹಾಕಿದರಲ್ಲ, ಅದರಲ್ಲಿ ಇದೂ ಒಂದು. ಗೋಡೆ, ಸ್ಲ್ಯಾಬು ಎರಡನ್ನೂ ಒಟ್ಟಿಗೇ ಕಾಂಕ್ರೀಟಿನಲ್ಲಿ ಎರಕ ಹುಯ್ಯುವ ಪದ್ಧತಿ. ಒಂದು ವರ್ಷದಲ್ಲಿ ಮುಗಿಸುತ್ತೇವೆ ಅನ್ನೋದೇ ಆ ಯೋಜನೆಯ ಹೆಗ್ಗಳಿಕೆಯಾಗಿತ್ತು. ಉದ್ಘಾಟನೆ ಆಗಿದ್ದು 2022ರ ಅಕ್ಟೋಬರ್‌ನಲ್ಲಿ.

ಮಿವಾನ್ ಅಂತ ಬೆಂಗಳೂರಿನವರು ಕರೆಯುವ ಶಟರಿಂಗ್ ಕೂಡ ಇದೇ ಜಾತಿಯದ್ದು. ವೇಗ, ಗಟ್ಟಿತನ, ಕೆಲಸಗಾರರು ಕಡಿಮೆ, ಎಲ್ಲ ಸರಿ. ಆದರೆ ಬರೀ ಕಾಂಕ್ರೀಟ್ ಗೋಡೆ ಬಿಸಿಯನ್ನು ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಿಂತ ಬೇಗ ಒಳಗೆ ಬಿಡುತ್ತದೆ. ಎಂಟು ಇಂಚಿನ ಎಎಸಿ ಗೋಡೆಯ ಜೊತೆ ಹೋಲಿಸಿದರೆ ನಾಲ್ಕು ಪಟ್ಟು ಜಾಸ್ತಿ. ನೆರಳು, ಕಿಟಕಿ, ಹೊರಗಿನ ಲೇಪನದಿಂದ ಅದನ್ನು ಸರಿದೂಗಿಸಬಹುದು, ನಕ್ಷೆಯಲ್ಲೇ ಯೋಚಿಸಿದ್ದರೆ. ಗುರಿ ಬೆನ್ನು ಹತ್ತಿದಾಗ ಟೆಂಡರಿನಲ್ಲಿ ವೇಗಕ್ಕೆ ಅಂಕ ಸಿಗುತ್ತದೆ, ರಾತ್ರಿಯ ನಿದ್ದೆಗೆ ಸಿಗೋದಿಲ್ಲ.

ಹಾಗಾದರೆ "ಹಸಿರು ನಿಯಮದಿಂದ ಮನೆ ತಡ" ಅನ್ನೋ ಕೂಗು ಬಂದಿದ್ದು ಎಲ್ಲಿಂದ? ನನ್ನ ಪ್ರಕಾರ ಎರಡು ಕಡೆಯಿಂದ. ಒಂದು ಸುಳ್ಳು, ಒಂದು ನಿಜ.

ಸುಳ್ಳು ಯಾವುದು ಅಂದರೆ ಪರಿಸರ ಅನುಮತಿಯದ್ದು. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಕಟ್ಟುವ ಜಾಗ ಇರುವ ಯೋಜನೆಗಳು ಮೊದಲೇ ಅನುಮತಿ ತಗೋಬೇಕು. ಬಿಲ್ಡರುಗಳಿಗೆ ಇದು ಯಾವತ್ತೂ ತಲೆನೋವು. 2016ರ ಡಿಸೆಂಬರ್‌ನಲ್ಲಿ ಪರಿಸರ ಸಚಿವಾಲಯ ಒಂದು ತಿದ್ದುಪಡಿ ತಂದು, 1,50,000 ಚದರ ಮೀಟರ್‌ವರೆಗಿನ ಕಟ್ಟಡಗಳಿಗೆ ಈ ಅನುಮತಿಯ ಬದಲು ಸ್ಥಳೀಯ ಸಂಸ್ಥೆಗಳು ಪರಿಸರ ಷರತ್ತು ಹಾಕಿ ನಕ್ಷೆ ಮಂಜೂರು ಮಾಡಿದರೆ ಸಾಕು ಅಂದಿತು. ಕಾರಣ ಏನು ಕೊಟ್ಟರು ಗೊತ್ತಾ? 2022ಕ್ಕೆ ಎಲ್ಲರಿಗೂ ಮನೆ, ಬಡವರಿಗೆ ಕೈಗೆಟುಕುವ ವಸತಿ. ಲೆಕ್ಕ ಹಾಕಿ ನೋಡಿ. 25 ಚದರ ಮೀಟರಿನ 800 ಮನೆಗಳನ್ನು ಒಂದೇ ಕಡೆ ಕಟ್ಟಿದರೆ ಮಾತ್ರ 20,000 ಆಗುತ್ತದೆ. ವಿನಾಯಿತಿ ಮಾತ್ರ ಬಡವರ ಮನೆಗೆ ಸೀಮಿತವಾಗಿರಲಿಲ್ಲ. ಬಡವರ ಹೆಸರಲ್ಲಿ ಬಾಗಿಲು ತೆಗೆದರೆ ಆಫೀಸು, ಮಾಲ್, ಲಕ್ಷುರಿ ಅಪಾರ್ಟ್‌ಮೆಂಟು ಎಲ್ಲ ಒಳಗೆ ಬರುತ್ತಿದ್ದವು. 2017ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಒಪ್ಪಲಿಲ್ಲ. ಬಡವರಿಗೆ ಮನೆ ತಡವಾಗುವುದು ಬಹುಪಾಲು ಜಾಗದ ತಕರಾರು, ದುಡ್ಡಿನ ಕೊರತೆ, ಬಾರದ ಬಿಲ್ಲಿನಿಂದ. ಪರಿಸರ ಅನುಮತಿಯ ಹೆಸರು ಸುಮ್ನೆ ಮುಂದೆ ಬರುತ್ತದೆ.

ನಿಜ ಯಾವುದು ಅಂದರೆ ಮರಳು. ಇದನ್ನು ಹಸಿರು ಕಟ್ಟಡದ ಚರ್ಚೆಯಲ್ಲಿ ಯಾರೂ ತರುವುದಿಲ್ಲ, ಆದರೆ ಹಳ್ಳಿಯ ಮನೆಗೆ ತಟ್ಟಿದ ಹಸಿರು ನಿಯಮ ಅಂತ ಇದ್ದರೆ ಇದೇ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರ್‌ಗಿಂತ ಚಿಕ್ಕ ಜಾಗದಲ್ಲಿ ಮರಳಿನಂಥ ಉಪಖನಿಜ ತೆಗೆಯೋಕೂ ಪರಿಸರ ಅನುಮತಿ ಬೇಕು ಅಂದಿತು. ತೀರ್ಪು ಸರಿಯಾದದ್ದೇ. ತುಂಗಭದ್ರಾ, ಭೀಮಾ, ನೇತ್ರಾವತಿಗಳ ಒಡಲು ಬಗೆದ ರೀತಿ ನೋಡಿದವರು ಅದನ್ನು ತಪ್ಪು ಅನ್ನಲಾರರು. ಆದರೆ ಆ ಕಡೆ ಕಾನೂನು ಬಿಗಿಯಾಯಿತು, ಈ ಕಡೆ ಮನೆಯ ಸಹಾಯಧನ ಅಲ್ಲೇ ನಿಂತಿತು. ಮೊದಲು ಊರ ಹಳ್ಳದಿಂದ ಗಾಡಿಯಲ್ಲಿ ಬರುತ್ತಿದ್ದ ಮರಳಿಗೆ ಈಗ ಪರ್ಮಿಟ್ಟು, ಇಲ್ಲದಿದ್ದರೆ ಕಳ್ಳದಾರಿಯ ರೇಟು, ಅದೂ ಬೇಡ ಅಂದರೆ ದೂರದ ಕ್ರಷರಿನಿಂದ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡು. ಮೂರರಲ್ಲಿ ಯಾವುದೇ ಆದರೂ ಹೊರೆ ಬಿದ್ದಿದ್ದು ಫಲಾನುಭವಿಯ ತಲೆ ಮೇಲೆ. ನದಿ ಉಳಿಸುವ ಖರ್ಚನ್ನು 1.20 ಲಕ್ಷದ ಮನೆಯವರ ಹತ್ತಿರ ವಸೂಲಿ ಮಾಡಿದ ಹಾಗಾಯಿತು. ಹಸಿರಿಗೂ ಗುರಿಗೂ ನಿಜವಾದ ಜಗಳ ಇರೋದು ಇಲ್ಲಿ. ನಿಯಮ ಮಾಡಿದ ಇಲಾಖೆ ಒಂದು, ಮನೆಯ ದುಡ್ಡು ಕೊಡುವ ಇಲಾಖೆ ಇನ್ನೊಂದು, ಒಬ್ಬರ ತೀರ್ಮಾನದ ಬೆಲೆಯನ್ನು ಇನ್ನೊಬ್ಬರು ತಮ್ಮ ಅಂದಾಜು ಪಟ್ಟಿಗೆ ಸೇರಿಸಲೇ ಇಲ್ಲ.

ಮಜಾ ಏನಪ್ಪಾ ಅಂದರೆ, ಮರಳೂ ಸಿಮೆಂಟೂ ಜಾಸ್ತಿ ಕುಡಿಯುವ ಆರ್‌ಸಿಸಿಯೇ ಸೆಕೆಯನ್ನೂ ಜಾಸ್ತಿ ಕೊಡುತ್ತದೆ. ಎರಡಕ್ಕೂ ಮದ್ದು ನಮ್ಮಲ್ಲೇ ಹಳೆಯದಿದೆ. ಸ್ಲ್ಯಾಬಿನಲ್ಲಿ ಕಾಂಕ್ರೀಟು ಕೆಲಸಕ್ಕೆ ಬಾರದ ಕೆಳಭಾಗದಲ್ಲಿ ಮಂಗಳೂರು ಹಂಚು ಇಟ್ಟು ಹುಯ್ಯುವ ಫಿಲ್ಲರ್ ಸ್ಲ್ಯಾಬನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಜೊತೆಯವರು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಇಂಥ ವಿದ್ಯೆಯನ್ನು ಹಳ್ಳಿಗೆ ಮುಟ್ಟಿಸೋಕೆ ಅಂತಲೇ ಜಿಲ್ಲೆಗೊಂದು ನಿರ್ಮಿತಿ ಕೇಂದ್ರ ಬಂತು. ಇವತ್ತು ನಿರ್ಮಿತಿ ಕೇಂದ್ರ ಅಂದರೆ ಸರ್ಕಾರಿ ಕಾಮಗಾರಿ ಮಾಡಿಸುವ ಏಜೆನ್ಸಿ ಅಂತಲೇ ಹೆಚ್ಚಿನವರಿಗೆ ಗೊತ್ತು. ಇನ್ನೊಂದು ಕಡೆ, 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಮಣ್ಣು ಅಥವಾ ಸುಡದ ಇಟ್ಟಿಗೆಯ ಗೋಡೆ ಅಂದರೆ ಕಚ್ಚಾ ಮನೆ. ಆವಾಸ್ ಪಟ್ಟಿಗೆ ಹೆಸರು ಸೇರೋದೇ ಆ ಲೆಕ್ಕದ ಮೇಲೆ. ಮಣ್ಣಿನ ಗೋಡೆ ಇದೆ ಅಂತಲೇ ಮನೆ ಮಂಜೂರಾದವರಿಗೆ, ಮಣ್ಣಿನ ಇಟ್ಟಿಗೆಯಲ್ಲೇ ಹೊಸ ಮನೆ ಕಟ್ಟಿ ಅಂತ ಯಾವ ಪಿಡಿಒ ಹೇಳಿಯಾನು? ಯೋಜನೆಯ ಮಾರ್ಗಸೂಚಿ ಸ್ಥಳೀಯ ಸಾಮಗ್ರಿ ಬಳಸಿ ಅಂತ ಪ್ರೋತ್ಸಾಹ ಕೊಡುತ್ತದೆ. ಆದರೆ ಬಿಲ್ಲು ಎಲ್ಲಿ ತಡೆಹಿಡಿಯುತ್ತಾರೋ ಅನ್ನೋ ಅಂಜಿಕೆ ಇರುವಾಗ ಯಾರೂ ಪ್ರಯೋಗಕ್ಕೆ ಇಳಿಯೋದಿಲ್ಲ. ಬೆಂಗಳೂರಿನಲ್ಲಿ ಆರ್ಕಿಟೆಕ್ಟ್ ಹಿಡಿದು ಮಣ್ಣಿನ ಇಟ್ಟಿಗೆ ಮನೆ ಕಟ್ಟಿಸೋದು ಈಗ ಉಳ್ಳವರ ಹವ್ಯಾಸ ಆಗಿದೆ, ಅದು ಬೇರೆ ಮಾತು.

ದುಡ್ಡಿನ ಮಾತಿಗೇ ಬಂದರೆ, ಮನೆ ಕಟ್ಟುವಾಗ ಉಳಿಸಿದ್ದನ್ನು ಸರ್ಕಾರ ಆಮೇಲೆ ಇನ್ನೊಂದು ಕೈಯಿಂದ ಕೊಡುತ್ತಲೇ ಇದೆ. ಗೃಹಜ್ಯೋತಿ ನೋಡಿ. 200 ಯೂನಿಟ್‌ವರೆಗೆ ಉಚಿತ ವಿದ್ಯುತ್, 2023ರ ಆಗಸ್ಟ್‌ನಲ್ಲಿ ಅಧಿಕೃತವಾಗಿ ಚಾಲನೆ ಸಿಕ್ಕಿದ್ದು ಕಲಬುರಗಿಯಲ್ಲೇ. 75 ವ್ಯಾಟ್‌ನ ಫ್ಯಾನು ದಿನಕ್ಕೆ 10 ತಾಸು ತಿರುಗಿದರೆ ತಿಂಗಳಿಗೆ 22 ಯೂನಿಟ್ ಚಿಲ್ಲರೆ. ಎರಡು ಫ್ಯಾನಿಗೆ 45. ಯೋಜನೆ ಬಂದಾಗ ಪ್ರತಿ ಮನೆಯ ಉಚಿತ ಮಿತಿಯನ್ನು ಅದರ ಹಳೆಯ ಬಳಕೆಯ ಮೇಲೆ ಹಾಕಿದರು; ಹೊಸ ಮನೆಗೆ ಆ ದಾಖಲೆ ಇರೋದಿಲ್ಲ ಅಂತ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10 ಅಂತ ನಿಗದಿ ಮಾಡಿದರು. ಹೊಸದಾಗಿ ಆಶ್ರಯ ಮನೆ ಹೊಕ್ಕವರ ಉಚಿತ ಕರೆಂಟಿನ ಬಹುಪಾಲು ಬೇಸಿಗೆಯಲ್ಲಿ ಎರಡು ಫ್ಯಾನಿಗೇ ಹೋಗುತ್ತದೆ, ಅದೂ ಕಾದ ಸ್ಲ್ಯಾಬಿನ ಬಿಸಿಗಾಳಿಯನ್ನೇ ತಿರುಗಿಸೋಕೆ. ಇನ್ನೂ ಹತ್ತು ವರ್ಷದಲ್ಲಿ ಆ ಮನೆಗಳಿಗೆ ಕೂಲರು ಬರುತ್ತದೆ, ಆಮೇಲೆ ಹಳೇ ಎಸಿಯೂ ಬಂದೀತು. ಆಗ ಬೇಸಿಗೆಯ ರಾತ್ರಿ ಲೋಡ್ ಶೆಡ್ಡಿಂಗ್ ಆದರೆ ಕರೆಂಟ್ ಕಂಪನಿ ಜೆಸ್ಕಾಂಗೆ ಬೈದು ಪ್ರಯೋಜನ ಇಲ್ಲ.

ಏನು ಮಾಡಬಹುದು? 500 ಚದರ ಮೀಟರಿಗೆ ಬರೆದ ಸಂಹಿತೆಯನ್ನು ಹಾಗೇ ತಂದು 25 ಚದರ ಮೀಟರಿನ ಮನೆ ಮೇಲೆ ಹೇರೋದು ದಡ್ಡತನ. ಗೋಡೆಯ ಬಿಸಿಯ ಲೆಕ್ಕ ಹಾಕೋಕೆ ಇಂಜಿನಿಯರ್ ಬೇಕು, ಇನ್ನೊಂದು ಸರ್ಟಿಫಿಕೇಟು, ಅದಕ್ಕೆ ಇನ್ನೊಂದು ಕೈಬಿಸಿ. ಬೇಡವೇ ಬೇಡ. ಬೆಂಗಳೂರಿನಲ್ಲಿ ಸೋಲಾರ್ ವಾಟರ್ ಹೀಟರ್ ಯಾಕೆ ಮನೆಮನೆ ಮೇಲೂ ಬಂತು ಅಂತ ನೆನಪಿಸಿಕೊಳ್ಳಿ. ಪರಿಸರ ಪ್ರೇಮ ಉಕ್ಕಿ ಬಂದು ಅಲ್ಲ. ಹೀಟರ್ ಹಾಕಿಸದಿದ್ದರೆ ಹೊಸ ಮನೆಗೆ ಕರೆಂಟ್ ಕನೆಕ್ಷನ್ ಕೊಡೋದಿಲ್ಲ ಅಂದರು, ಎಲ್ಲರೂ ಹಾಕಿಸಿದರು. ತಪ್ಪಿಸಿಕೊಳ್ಳಲಾಗದ ಒಂದು ಕಾಗದಕ್ಕೆ ನಿಯಮವನ್ನು ಕಟ್ಟಿದ್ದರಿಂದ ಅದು ನಡೆಯಿತು.

ಹಳ್ಳಿಯಲ್ಲಿ ಆ ಕಾಗದ ಅಂದರೆ ಕೊನೆ ಕಂತಿನ ಬಿಲ್ಲು. ಅದಕ್ಕೆ ಎರಡೇ ಎರಡು ವಿಷಯ ಸೇರಿಸಿದರೆ ಸಾಕು. ಎದುರುಬದುರು ತೆರೆಯುವ ಕಿಟಕಿ ಮತ್ತು ಬಿಸಿಲು ತಡೆಯುವ ತಾರಸಿ. ತಾರಸಿಗೆ ಬಿಳಿ ಸುಣ್ಣ ಆಗಬಹುದು, ಬಿಳಿ ಟೈಲ್ಸ್ ಚೂರು ಆಗಬಹುದು, ಇಟ್ಟಿಗೆ ಚೂರಿನ ಗಾರೆ ಆಗಬಹುದು, ಊರಿನ ಗೌಂಡಿಗೆ ಯಾವುದು ಗೊತ್ತೋ ಅದು. ಅಹಮದಾಬಾದಿನಲ್ಲಿ 2017ರಿಂದ ಕೊಳೆಗೇರಿ ಮನೆಗಳ ಚಾವಣಿಗೆ ಸುಣ್ಣ ಬಳಿಯುವ ಕೆಲಸ ನಡೆದಿದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆ ಅಂತಲೇ ಐದು ವರ್ಷದ ನೀತಿ ತಂದು ಸರ್ಕಾರಿ ಕಟ್ಟಡಗಳಿಗೆ ಕಡ್ಡಾಯ ಮಾಡಿದೆ. ಹೈದರಾಬಾದಿನ ಬಿಸಿಲಿಗೂ ರಾಯಚೂರಿನ ಬಿಸಿಲಿಗೂ ಅಂಥಾ ವ್ಯತ್ಯಾಸ ಏನೂ ಇಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳೂ ಹಗುರದ್ದಲ್ಲ. ಸುಣ್ಣ ಒಂದೆರಡು ಮಳೆಗಾಲಕ್ಕೆ ತೊಳೆದು ಹೋಗುತ್ತದೆ, ಧೂಳು ಕೂತರೆ ಅರ್ಧ ಗುಣ ಕಳೆದುಕೊಳ್ಳುತ್ತದೆ. ಊರಲ್ಲಿ ತಾರಸಿ ಅಂದರೆ ಮೆಣಸಿನಕಾಯಿ, ಹಪ್ಪಳ ಒಣಗಿಸುವ ಜಾಗ, ಬೆಳ್ಳಗೆ ಉಳಿಯೋದು ಕಷ್ಟ. ಫೋಟೋಗೆ ಒಂದು ದಿನ ಸುಣ್ಣ ಬಳಿದು ಬಿಲ್ಲು ತಗೊಂಡು ಸುಮ್ಮನಾಗುವವರೂ ಇರುತ್ತಾರೆ. ಇದಕ್ಕೆಲ್ಲ ನನ್ನ ಉತ್ತರ ಒಂದೇ. ಷರತ್ತಿನ ಜೊತೆಗೇ ಅದರ ದುಡ್ಡೂ ಬರಬೇಕು, ಟೈಲ್ಸ್ ಚೂರಿನಂಥ ಬಾಳಿಕೆ ಬರುವ ಕೆಲಸಕ್ಕೆ ಸಾಲುವಷ್ಟು. ಮರಳಿನ ವಿಷಯದಲ್ಲಿ ಮಾಡಿದ ಹಾಗೆ ನಿಯಮವನ್ನು ಮೇಲಿಂದ ಇಳಿಸಿ ಖರ್ಚನ್ನು ಕೆಳಗಿನವರಿಗೆ ಬಿಟ್ಟರೆ ಜನ ಅದನ್ನು ಏಮಾರಿಸಿಯೇ ಏಮಾರಿಸುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಅಷ್ಟು ದುಡ್ಡು ಎಲ್ಲಿಂದ ಅಂದರೆ, 2 ಕೋಟಿ ಮನೆಯ ಗುರಿಯನ್ನು ಸ್ವಲ್ಪ ಇಳಿಸಿ ತಲಾ ಮನೆಗೆ ಜಾಸ್ತಿ ಕೊಡೋದು ಒಂದು ದಾರಿ, ಒಟ್ಟು ಹಣವನ್ನೇ ಹೆಚ್ಚಿಸೋದು ಇನ್ನೊಂದು. ಮೊದಲನೆಯದನ್ನು ಯಾವ ಸರ್ಕಾರವೂ ಬಾಯಿಬಿಟ್ಟು ಹೇಳೋದಿಲ್ಲ, ಯಾಕೆಂದರೆ ಸಂಖ್ಯೆ ಇಳಿದರೆ ವಿರೋಧ ಪಕ್ಷದ ಕೈಗೆ ಸಿಗುತ್ತದೆ. ಎರಡನೆಯದಕ್ಕೆ ಹಣಕಾಸು ಇಲಾಖೆ ಒಪ್ಪಬೇಕು. ಅಷ್ಟರಲ್ಲಿ ಮಂಜೂರಾದ ಮನೆಗಳ ಪಾಯ ಬೀಳುತ್ತಲೇ ಇದೆ, ಹಳೇ ನಕ್ಷೆಯಲ್ಲೇ, ಹಳೇ ದುಡ್ಡಿನಲ್ಲೇ.